ಹಸಿ ಉಸುಕಿನಲ್ಲಿಟ್ಟ ಗುಳಿಗೆ

ಆ ಗುಳಿಗೆ ಡಬ್ಬಿಯನ್ನು ಮೊದಲು ಎತ್ತಿ ನೋಡಿದ್ದು ನಾನೋ, ಅಕ್ಕನೋ, ಅಕ್ಕನ ಗಂಡನೋ ಎಂಬುದು ಈಗ ನನಗೆ ಖಚಿತವಿಲ್ಲ. ಬಹಳ ವರ್ಷ ನಾನೇ ಕಂಡುಹಿಡಿದವನಂತೆ ಹೇಳಿಕೊಂಡು ಬಂದೆ. ಒಮ್ಮೆ ಒಂದು ಮದುವೆಮನೆಯಲ್ಲಿ ಹಾಗೆ ಹೇಳುತ್ತಿದ್ದಾಗ ಅಕ್ಕ ಪಕ್ಕದಲ್ಲೇ ಕುಳಿತಿದ್ದಳು.

"ಸುಳ್ಳ ಹೇಳಬ್ಯಾಡೋ ತಮ್ಮಾ. ಅವತ್ತು ನೀ ಕಟ್ಟಿ ಮ್ಯಾಲ ಕುಂತು ಭಾಷಣ ಮಾಡಾಕತ್ತಿದ್ದಿ" ಎಂದಳು.

ಅವಳ ಗಂಡ, ನಾನು ಮಾವ ಎಂದು ಕರೆಯುವವರು, ಎಲೆ ಅಡಿಕೆ ಜಗಿಯುತ್ತಲೇ, "ಇಬ್ಬರದೂ ಸುಳ್ಳ. ಒಳಗ ಎಲಿ ತರಾಕ ಹೋದಾಂವ ನಾ" ಎಂದರು.

ಮೂವರೂ ಅಲ್ಲಿದ್ದೆವು ಎಂಬುದರಲ್ಲಿ ಮಾತ್ರ ತಕರಾರಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ, ಸುರಪುರದ ಕಾಲೇಜಿನಲ್ಲಿ ಅದನ್ನೇ ಕಲಿಸಿದವನು. ಅಳತೆಯಲ್ಲಿ ತಪ್ಪು ಎಲ್ಲಿಂದ ನುಸುಳುತ್ತದೆ ಎಂದು ಹುಡುಗರಿಗೆ ಹೇಳಿಕೊಡುವುದೇ ನನ್ನ ಕೆಲಸವಾಗಿತ್ತು. ಆದರೂ ನನ್ನ ನೆನಪನ್ನು ಯಾವ ಮಾಪಕಕ್ಕೆ ಹಚ್ಚಿ ನೋಡಬೇಕೋ ಇನ್ನೂ ತಿಳಿದಿಲ್ಲ. ಹಾಗಾಗಿ ಗೊತ್ತಿರುವುದನ್ನು ಗೊತ್ತು ಎಂದೂ, ಅನುಮಾನವಿರುವುದನ್ನು ಅನುಮಾನವೆಂದೂ ಬರೆಯುತ್ತೇನೆ.

ಅಕ್ಕನ ಮನೆ ಸಗರದಲ್ಲಿ. ಅಲ್ಲಿಂದ ಸ್ವಲ್ಪ ದೂರದ, ಕಾಲುವೆ ಪಕ್ಕದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅವಳು ಒಂದನೇ ತರಗತಿಗೆ ಕಲಿಸುತ್ತಿದ್ದಳು. ನಮ್ಮ ಕಡೆ ಶಿಕ್ಷಕಿಯರನ್ನು ಮಕ್ಕಳು ಅಕ್ಕೋರು ಎನ್ನುತ್ತವೆ. ಈ ಅಕ್ಕೋರು ಕುರ್ಚಿಯ ಮೇಲೆ ಕುಳಿತದ್ದನ್ನು ನಾನು ಕಂಡಿಲ್ಲ. ಒಂದು ಅಕ್ಷರ ಹೇಳುವಳು, ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಅದು ಅಲೆಯಂತೆ ಮರಳಿ ಬರುವುದು. ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಿದ್ದಾಗಲೂ ಯಾವ ಮಗು ಬಾಯಿ ಮುಚ್ಚಿಕೊಂಡು ಕುಳಿತಿದೆ ಎಂದು ಕಿವಿಯಿಂದಲೇ ಹಿಡಿಯುವಳು. ಮನೆಯಲ್ಲಿ ಅಕ್ಷರ ಹೇಳಿಕೊಡುವವರಿಲ್ಲದ ಮಕ್ಕಳು ಅವು. ತಂದೆತಾಯಿ ನಾಟಿಗೆ, ಹತ್ತಿ ಬಿಡಿಸಲಿಕ್ಕೆ ಹೋಗುವವರು. ಕಲಿಯುವುದೆಲ್ಲ ಆ ಕೋಣೆಯಲ್ಲಿ, ಅವಳ ದನಿಯ ಹಿಂದೆ.

ಒಂದು ದಸರೆ ರಜೆ ಮುಗಿದ ಮೇಲೆ ಆ ದನಿ ಒಡೆಯತೊಡಗಿತು.

ಸೀಮೆಸುಣ್ಣದ ಧೂಳು ಎಂದರು. ಜ್ಯೇಷ್ಠಮಧು, ಕರಿಮೆಣಸು, ಬಿಸಿನೀರು, ಅರಿಶಿನದ ಹಾಲು ಎಲ್ಲ ಆಯಿತು. ದನಿ ಗಂಡಸರ ದನಿಯಂತೆ ದಪ್ಪಗಾಗುತ್ತ ಹೋಯಿತು. ಮುಖ ಊದಿತು. ನಿದ್ದೆ ಮಾಡಿದಷ್ಟೂ ಆಯಾಸ. ತರಗತಿಯಲ್ಲಿ ಮಗುವಿನ ಹೆಸರು ನಾಲಿಗೆಯ ತುದಿಯವರೆಗೆ ಬಂದು ನಿಂತುಬಿಡುತ್ತಿತ್ತು. ಎಲ್ಲಕ್ಕಿಂತ ವಿಚಿತ್ರವೆಂದರೆ ಚಳಿ. ನಮ್ಮ ಸೀಮೆಯಲ್ಲಿ ಸಂಕ್ರಾಂತಿ ಕಳೆದರೆ ನಡುಮಧ್ಯಾಹ್ನ ಅಂಗಿ ಬೆನ್ನಿಗೆ ಅಂಟುತ್ತದೆ. ಅಕ್ಕ ಶಾಲು ಹೊದ್ದು ಕೂರುತ್ತಿದ್ದಳು.

ಯಾದಗಿರಿಯ ವೈದ್ಯೆ ಮೊದಲು ಕೇಳಿದ್ದು ಗಂಟಲಿನ ಬಗ್ಗೆ ಅಲ್ಲ, ಶಾಲಿನ ಬಗ್ಗೆ.

"ಟೀಚರ್, ಹೊರಗ ಇಷ್ಟು ಬಿಸಿಲದ. ಶಾಲು ಯಾಕ ಹೊದ್ದೀರಿ?"

"ಚಳಿ ಆಗತದ್ರಿ ಮೇಡಂ."

"ಎಂದಿನಿಂದ?"

ಉತ್ತರ ಕೊಟ್ಟದ್ದು ಮಾವ. "ದೀಪಾವಳಿಯಿಂದ್ರಿ. ಮೊದ್ಲು ನನ್ನ ಮ್ಯಾಲ ಸಿಟ್ಟಾಗಿ ಮಾರಿ ಮುಚ್ಕೊಂಡಾಳ ಅಂತ ತಿಳಿದಿದ್ದೆ."

"ಸಿಟ್ಟೂ ಇತ್ತ್ರಿ" ಎಂದಳು ಅಕ್ಕ, ಆ ದಪ್ಪ ದನಿಯಲ್ಲಿ. ವೈದ್ಯೆ ನಕ್ಕರು. ನಗುತ್ತಲೇ ಅವಳ ಕುತ್ತಿಗೆ ಮುಟ್ಟಿ ನೋಡಿ, ಮೊಣಕಾಲಿಗೆ ಮೆಲ್ಲಗೆ ಬಡಿದು, ರಕ್ತಪರೀಕ್ಷೆಗೆ ಬರೆದುಕೊಟ್ಟರು.

ರಕ್ತ ದೊಡ್ಡ ಊರಿಗೆ ಹೋಗಿ, ವರದಿ ಕೆಲವು ದಿನಗಳ ನಂತರ ಬಂತು. ಟಿಎಸ್‌ಎಚ್ ನಲವತ್ತು ದಾಟಿತ್ತು. ನಲವತ್ತೆರಡೋ, ನಲವತ್ತೆಂಟೋ, ಮರೆತಿದ್ದೇನೆ. ಪಕ್ಕದಲ್ಲಿ ಅಚ್ಚಾಗಿದ್ದ ಸರಿಯಾದ ಮಿತಿ ನಾಲ್ಕು ಚಿಲ್ಲರೆಯಷ್ಟಿತ್ತು. ಟಿ-ಫೋರ್ ಕಡಿಮೆ. ಆಂಟಿ-ಟಿಪಿಒ ಎಂಬ ಮೂರನೆಯದು ನೂರುಗಳಲ್ಲಿತ್ತು. ನನ್ನ ಕಣ್ಣು ಹೋಗಿದ್ದು ಆ ಮೂರನೆಯದಕ್ಕೆ. ದೊಡ್ಡ ಸಂಖ್ಯೆ ಎಂದರೆ ದೊಡ್ಡ ಕಾಯಿಲೆ ಎಂದುಕೊಂಡೆ.

ವೈದ್ಯೆ ಬೇರೆಯೇ ಹೇಳಿದರು. ಕುತ್ತಿಗೆಯಲ್ಲಿ ಥೈರಾಯ್ಡ್ ಎಂಬ ಗ್ರಂಥಿ ಇದೆ. ಅದು ರಕ್ತಕ್ಕೆ ಬಿಡುವ ರಸದ ಅಳತೆ ಟಿ-ಫೋರ್. ಆ ರಸ ಮೈಗೆಲ್ಲ ಹುರುಪು, ಶಾಖ ಕೊಡುತ್ತದೆ. ಅದು ಕಡಿಮೆಯಾದರೆ ಮಿದುಳಿನ ಕೆಳಗಿರುವ ಇನ್ನೊಂದು ಪುಟ್ಟ ಗ್ರಂಥಿ ಇನ್ನಷ್ಟು ಬಿಡು ಎಂದು ಹೇಳಿ ಕಳಿಸುತ್ತದೆ. ಹಾಗೆ ಹೇಳಿ ಕಳಿಸುವುದರ ಅಳತೆ ಟಿಎಸ್‌ಎಚ್. ಆಂಟಿ-ಟಿಪಿಒ ಎಂದರೆ ಮೈಯನ್ನು ಕಾಯಬೇಕಾದ ಕಾವಲಿನವರೇ ದಾರಿ ತಪ್ಪಿ ಆ ಗ್ರಂಥಿಯ ಮೇಲೆ ಬಿದ್ದಿದ್ದಾರೆ ಎಂಬುದರ ಗುರುತು.

"ನನ್ನ ಮೈಯೇ ನನ್ನ ಯಾಕ ತಿನ್ನಾಕತ್ತದ್ರಿ?" ಎಂದಳು ಅಕ್ಕ.

"ಯಾಕ ಅನ್ನೋದು ಪೂರಾ ನಮಗೂ ಗೊತ್ತಿಲ್ರಿ. ಆದ್ರ ಏನ್ ಮಾಡಬೇಕು ಅನ್ನೋದು ಚೊಲೋ ಗೊತ್ತದ. ಗ್ರಂಥಿ ಎಷ್ಟು ಕಮ್ಮಿ ಕೊಡತದೋ ಅಷ್ಟು ನಾವು ಗುಳಿಗಿಲೆ ತುಂಬೋದು."

ಆ ಮಾತು ನನಗೆ ಹಿಡಿಸಿತು. ಗೊತ್ತಿಲ್ಲ ಎನ್ನುವ ವೈದ್ಯರನ್ನು ನಾನು ಹೆಚ್ಚು ನಂಬುತ್ತೇನೆ.

ವಾಪಸು ಬರುವಾಗ ಬಸ್ಸು ಭೀಮಾ ಸೇತುವೆ ದಾಟುತ್ತಿದ್ದಾಗ ಅಕ್ಕ ವರದಿಯನ್ನು ಮತ್ತೆ ಬಿಚ್ಚಿದಳು. "ತಮ್ಮಾ, ಒಂದು ತಿಳಿವಲ್ದು. ಕಮ್ಮಿ ಆಗ್ಯಾದ ಅಂತಾರ, ಇಲ್ಲಿ ನೋಡಿದ್ರ ಏರ್ಯಾದ."

ನಾನು ಇದನ್ನು ವಿವರಿಸಲು ಹೊರಟೆ. ಉಷ್ಣತೆ ಇಳಿದಾಗ ಹೀಟರ್ ತಾನೇ ಹೊತ್ತಿಕೊಳ್ಳುವ ಯಂತ್ರ ಎಂದೇನೋ ಹೇಳಿದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

ಮಾವನ ಹೊಲ ಕಾಲುವೆಯ ಕೊನೆಯಲ್ಲಿತ್ತು. ಮೇಲಿನ ಹೊಲದವರೆಲ್ಲ ಭತ್ತಕ್ಕೆ ತುಂಬಿಸಿಕೊಂಡು ಉಳಿದದ್ದು ಇವರಿಗೆ ಬರಬೇಕು. ಸರದಿಯ ದಿನ ನೀರು ಬಾರದಿದ್ದರೆ ಇವರು ನೀರಾವರಿ ಕಚೇರಿಗೆ ಹೋಗಿ ಹೊರಗೆ ನಿಂತೇ ಕೂಗಾಡಲು ಶುರು ಮಾಡುವರು. ನೀರು ಬಂದ ದಿನ ಇಡೀ ಊರಿನಲ್ಲಿ ಅವರಷ್ಟು ಮೌನಿ ಇನ್ನೊಬ್ಬರಿಲ್ಲ.

"ಹಾಂ, ತಿಳೀತು" ಎಂದಳು ಅಕ್ಕ ಒಮ್ಮೆಲೇ. "ಇವರಂಗ. ನೀರು ಕಮ್ಮಿ ಆದಷ್ಟು ಒದರಾಟ ಜ್ಯಾಸ್ತಿ. ನೀರು ಬಂತಂದ್ರ ಸುಮ್ನ ಮಕ್ಕೋತಾರ. ಈ ನಲವತ್ತು ಅಂದ್ರ ನೀರಲ್ಲ, ಒದರಾಟ."

"ನಾ ಒದರಲಿಲ್ಲಂದ್ರ ನೀ ಅನ್ನ ಹೆಂಗ ಉಣ್ತಿದ್ದಿ?" ಎಂದರು ಮಾವ.

ಇದನ್ನು ಹೇಳಿದ್ದು ಅಕ್ಕನೇ ಎಂದು ನನ್ನ ನೆನಪು. ಅವಳು ಮಾತ್ರ ವೈದ್ಯೆಯೇ ಹಾಗೆ ಹೇಳಿದ್ದು ಎನ್ನುತ್ತಾಳೆ. ಹೇಳಿದವರು ಯಾರಾದರೂ ಇರಲಿ, ಟಿಎಸ್‌ಎಚ್ ಅನ್ನು ನಾನು ಅರ್ಥಮಾಡಿಕೊಂಡದ್ದು ಆ ಬಸ್ಸಿನಲ್ಲಿ.

ಗುಳಿಗೆ ಶುರುವಾಯಿತು. ನೂರು ಗುಳಿಗೆಯ ಒಂದು ಡಬ್ಬಿ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಚಹಾಕ್ಕೆ ಕನಿಷ್ಠ ಅರ್ಧ ಗಂಟೆ ಕಾಯಬೇಕು. ಹೋಳಿ ಹುಣ್ಣಿಮೆಯ ಹೊತ್ತಿಗೆ ಶಾಲು ಗೂಟಕ್ಕೆ ಹೋಯಿತು. ಮುಖದ ಊತ ಇಳಿಯಿತು. ದನಿ ಪೂರ್ತಿ ಮರಳದಿದ್ದರೂ ಹಿಂದಿನ ಸಾಲಿಗೆ ಮುಟ್ಟುವಷ್ಟಾಯಿತು. ಪರೀಕ್ಷೆಯಲ್ಲಿ ಟಿಎಸ್‌ಎಚ್ ಹತ್ತರ ಆಸುಪಾಸಿಗೆ ಇಳಿದಿತ್ತು. "ಒದರಾಟ ಕಮ್ಮಿ ಆಗ್ಯಾದ" ಎಂದು ಅಕ್ಕ ನನಗೆ ಸುರಪುರಕ್ಕೆ ಫೋನ್ ಮಾಡಿ ಹೇಳಿದಳು. ವೈದ್ಯೆ ಡೋಸ್ ಸ್ವಲ್ಪ ಹೆಚ್ಚಿಸಿದರು. ಯುಗಾದಿಯ ಮುಂಚೆ ಶಹಾಪುರದ ಔಷಧದ ಅಂಗಡಿಯಿಂದ ಹೊಸ ಡಬ್ಬಿ ಬಂತು.

ಹೆಚ್ಚಿಸಿದ ಗುಳಿಗೆ, ಶಾಲೆಗೆ ರಜೆ, ವಿಶ್ರಾಂತಿ. ಮೇ ಮುಗಿಯುವ ಹೊತ್ತಿಗೆ ದನಿ ಪೂರ್ತಿ ಬರಬೇಕಿತ್ತು. ಬದಲಾಗಿ, ಇದ್ದದ್ದೂ ಹೋಯಿತು. ಊರಿಗೆ ಊರೇ ಬೀಸಣಿಗೆ ಹಿಡಿದು ಕೂತಾಗ ಅಕ್ಕ ಮತ್ತೆ ಶಾಲಿಗೆ ಕೈ ಹಾಕಿದಳು. ಟಿಎಸ್‌ಎಚ್ ಮೂವತ್ತರ ಹತ್ತಿರ ಏರಿತ್ತು.

ಶಾಲೆ ತೆರೆಯುವುದಕ್ಕೆ ಮೊದಲು ಮುಖ್ಯೋಪಾಧ್ಯಾಯರು ಮನೆಗೇ ಬಂದರು. ಒಳ್ಳೆಯ ಮನುಷ್ಯ. ಹೇಳಬೇಕಾದ್ದನ್ನು ಹೇಳಲಾಗದೆ ಎರಡು ಸಲ ನೀರು ಕುಡಿದರು.

"ಅಕ್ಕೋರೆ, ತಪ್ಪು ತಿಳೀಬ್ಯಾಡ್ರಿ. ಈ ವರ್ಷ ಒಂದನೇದು ಹೊಸ ಮಾಸ್ತರಿಗೆ ಕೊಡೋಣ. ನೀವು ಆಫೀಸಿನ ಬರವಣಿಗಿ ನೋಡ್ಕೋರಿ. ಕುಂತು ಮಾಡೋ ಕೆಲಸ."

"ಕುಂತು ಮಾಡೋದು ನನಗ ಬರಂಗಿಲ್ರಿ ಸರ್" ಎಂದಳು ಅಕ್ಕ. ದನಿ ಎಷ್ಟು ಕೆಳಗಿತ್ತೆಂದರೆ ಅವರು ಮುಂದಕ್ಕೆ ಬಾಗಿ ಕೇಳಬೇಕಾಯಿತು. ಅದೇ ಅವರಿಗೆ ಉತ್ತರವೂ ಆಗಿತ್ತು. ಅವಳಿಗೂ ಅದು ಗೊತ್ತಾಯಿತು. "ಪಂಚಮಿ ತನಕ ಟೈಮ್ ಕೊಡ್ರಿ. ಅಷ್ಟರಾಗ ದನಿ ಬರಲಿಲ್ಲಂದ್ರ ನಾನೇ ಬಿಟ್ಟುಕೊಡ್ತೀನಿ" ಎಂದಳು. ನಾಗರಪಂಚಮಿಗೆ ಎರಡು ತಿಂಗಳಿತ್ತು. ಅಲ್ಲಿಯವರೆಗೆ ಹೊಸ ಮಾಸ್ತರು ಕಲಿಸುವುದು, ಅಕ್ಕ ಜೊತೆಗಿರುವುದು ಎಂದು ಒಪ್ಪಂದವಾಯಿತು.

ನನಗೆ ಕಾಲೇಜಿಗೆ ರಜೆ. ಕೂರಲಾಗಲಿಲ್ಲ. ಗುಳಿಗೆ ದಿನವೂ ಹೋಗುತ್ತಿದೆ, ಆದರೂ ಅಂಕಿ ಏರಿದೆ. ಹಾಗಾದರೆ ಅಳತೆಯೇ ತಪ್ಪಿರಬೇಕು ಎಂದು ತೀರ್ಮಾನಿಸಿದೆ. ಒಂದು ಬೆಳಿಗ್ಗೆ ಅಕ್ಕನ ರಕ್ತವನ್ನು ಶಹಾಪುರದಲ್ಲಿ ಒಂದು ಕಡೆ ಕೊಡಿಸಿ, ಅಲ್ಲಿಂದ ಬಸ್ಸು ಹಿಡಿದು ಯಾದಗಿರಿಯಲ್ಲಿ ಇನ್ನೊಂದು ಕಡೆ ಕೊಡಿಸಿದೆ. ಎರಡೂ ಆಗುವವರೆಗೆ ಅವಳು ಅಂದಿನ ಗುಳಿಗೆ ನುಂಗಬಾರದೆಂದು ಹೇಳಿದ್ದೆ.

"ಒಬ್ಬಾಕಿ ರಕ್ತ ಎರಡು ಕಡಿ ಕೊಟ್ರ ಎರಡು ಬ್ಯಾನಿ ಸಿಗತಾವೇನೋ ಮಾರಾಯ?" ಎಂದರು ಮಾವ. "ಆಕಿ ಮೈಯಾಗ ರಕ್ತ ಆದ್ರೂ ಉಳಸು."

ಎರಡು ವರದಿಗಳು ಬಂದವು. ಆಂಟಿ-ಟಿಪಿಒ ಒಂದರಲ್ಲಿ ಮುನ್ನೂರು ಚಿಲ್ಲರೆ, ಇನ್ನೊಂದರಲ್ಲಿ ಸಾವಿರದ ಮೇಲೆ. ನಾನು ಗೆದ್ದವನಂತೆ ಅವನ್ನು ಹಿಡಿದು ವೈದ್ಯೆಯ ಹತ್ತಿರ ಹೋದೆ. ಅವರು ಆ ಸಾಲಿನ ಮೇಲೆ ಕಣ್ಣನ್ನೂ ಆಡಿಸಲಿಲ್ಲ.

"ಬ್ಯಾರೆ ಬ್ಯಾರೆ ಲ್ಯಾಬು, ಬ್ಯಾರೆ ಬ್ಯಾರೆ ಕಿಟ್ಟು. ಇವೆರಡನ್ನ ಒಂದಕ್ಕೊಂದು ಹಚ್ಚಿ ನೋಡಾಕ ಬರಂಗಿಲ್ಲ ಸರ್. ಮತ್ತ ಆಂಟಿಬಾಡಿ ಒಂದ್ಸಲ ಗೊತ್ತಾದ್ರ ಮುಗೀತು. ಬೆಂಕಿ ಎದರಿಂದ ಹತ್ತೇದ ಅಂತ ಅದು ಹೇಳತದ, ಇವತ್ತು ಮನ್ಯಾಗ ಎಷ್ಟು ಶಾಖ ಅದ ಅಂತ ಹೇಳಂಗಿಲ್ಲ. ಅದನ್ನ ಹೇಳೋದು ಟಿಎಸ್‌ಎಚ್. ಎರಡರಾಗೂ ಅದು ಎಷ್ಟದ ಓದ್ರಿ."

ಓದಿದೆ. ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ನನ್ನ ಪ್ರಯೋಗ ನನ್ನನ್ನೇ ಸುಳ್ಳು ಮಾಡಿತ್ತು. ಅಳತೆ ಸರಿಯಾಗಿಯೇ ಇತ್ತು.

"ಡೋಸ್ ಏರಿಸೋದು ಒಂದು ನಿಮಿಷದ ಕೆಲಸ" ಎಂದರು ಅವರು. "ಅದಕ್ಕೂ ಮೊದ್ಲು ಗುಳಿಗಿ ಹೆಂಗ ತಗೋತಾರ, ಎಲ್ಲಿ ಇಡತಾರ, ಮ್ಯಾಲ ಏನ್ ತಿಂತಾರ, ಎಲ್ಲಾ ಮನ್ಯಾಗ ಕುಂತು ನೋಡ್ರಿ."

ನೋಡಲು ಕುಳಿತೆ. ಸಗರದ ಮನೆಯ ಕಟ್ಟೆಯ ಮೇಲೆ ನಡೆದದ್ದು ವಿಚಾರಣೆಯೇ ಸರಿ.

"ಗುಳಿಗೆ ನುಂಗಿ ಎಷ್ಟು ಹೊತ್ತಿಗೆ ಚಹಾ ಅಕ್ಕಾ?"

"ತಾಸು ಬಿಟ್ಟು."

"ಹಾಲು?"

"ಎಮ್ಮಿ ಹಿಂಡೋದೇ ಆಮ್ಯಾಲ."

"ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ?"

"ತಿನ್ನಂಗಿಲ್ಲೋ. ನೀ ಪೊಲೀಸ್ ಆಗಬೇಕಿತ್ತು."

"ಮನಿ ಮಂದಿನ್ನ ಹಿಂಗ ಕೇಳಿದ್ರ ಕಳ್ಳ ಸಿಗಂಗಿಲ್ಲ" ಎಂದರು ಮಾವ. "ಎಲಿ ಕೊಡು ಅತ್ಲಾಗ."

ಮುಂದಿನ ಗಳಿಗೆಯ ಬಗ್ಗೆಯೇ ನಮ್ಮ ಮೂವರ ಜಗಳ. ವೀಳ್ಯದೆಲೆ ಇದ್ದದ್ದು ಒಳಗೆ, ಕುಡಿಯುವ ನೀರಿನ ಹರವಿಯ ಕೆಳಗೆ. ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಮಣ್ಣಿನ ಹರವಿಯನ್ನು ಉಸುಕಿನ ಹಾಸಿನ ಮೇಲೆ ಇಡುತ್ತೇವೆ. ಹರವಿ ಜಿನುಗಿ ಉಸುಕು ಯಾವಾಗಲೂ ಹಸಿಯಾಗಿರುತ್ತದೆ. ಆ ತಂಪಿನಲ್ಲಿ ವೀಳ್ಯದೆಲೆ, ಕೊತ್ತಂಬರಿ, ಲಿಂಬೆಹಣ್ಣುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡುವುದು ರೂಢಿ. ಮನೆಯ ಫ್ರಿಜ್ ಅದೇ, ಕರೆಂಟು ಬೇಡದ ಫ್ರಿಜ್. ಅಂದು ಆ ಒದ್ದೆ ಬಟ್ಟೆ ಬಿಚ್ಚಿದಾಗ ಎಲೆಗಳ ನಡುವೆ ಗುಳಿಗೆಯ ಡಬ್ಬಿಯೂ ಇತ್ತು.

"ಇದು ಇಲ್ಲ್ಯಾಕದ?" ಇದನ್ನು ಮಾತ್ರ ನಾನೇ ಕೇಳಿದೆ. ಇದರಲ್ಲಿ ಅನುಮಾನವಿಲ್ಲ.

"ಹೊಸಾ ಡಬ್ಬಿ ಕೊಡುವಾಗ ಅಂಗಡಿಯಾಂವ ಹೇಳ್ಯಾನಲ್ಲ, ಬ್ಯಾಸಿಗಿ ಅದ, ತಂಪಿನ್ಯಾಗ ಇಡ್ರಿ ಅಂತ. ಈ ಮನ್ಯಾಗ ಇದಕ್ಕಿಂತ ತಂಪು ಜಾಗ ಯಾವುದದ?" ಎಂದಳು ಅಕ್ಕ.

ಅಂಗಡಿಯವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಕ್ಕ ಮಾಡಿದ್ದರಲ್ಲೂ ಇರಲಿಲ್ಲ. ತಂಪು ಎಂದರೆ ನಮ್ಮಲ್ಲಿ ತೇವ. ಒಣಗಿದ್ದೂ ತಂಪಾಗಿರುವ ಜಾಗ ನಮ್ಮ ಮೇ ತಿಂಗಳಿಗೆ ಗೊತ್ತೇ ಇಲ್ಲ. ಡಬ್ಬಿಯ ಮುಚ್ಚಳ ಬಿಗಿಯಾಗಿ ಕೂತಿರಲಿಲ್ಲ. ಬೆಳಿಗ್ಗೆ ಕೈಯಲ್ಲಿ ಶಕ್ತಿಯಿಲ್ಲವೆಂದು ಅಕ್ಕ ಸಡಿಲವಾಗಿಯೇ ಇಡುತ್ತಿದ್ದಳು. ಅಂಗೈಗೆ ಸುರಿದರೆ ಗುಳಿಗೆಗಳು ಬೀಳಲಿಲ್ಲ. ಬೆರಳು ಹಾಕಿ ತೆಗೆದಾಗ ಎರಡೆರಡು ಅಂಟಿಕೊಂಡು ಬಂದವು. ಅಂಚು ಉದುರಿ, ಬಣ್ಣ ಮಾಸಿತ್ತು.

"ಇತ್ತಿತ್ಲಾಗ ಮೆತ್ತಗಾಗಿದ್ವು. ನುಂಗಾಕ ಸಲೀಸಾತು ಅಂತ ನಾ ಖುಷಿಲೆ ಇದ್ದೆ" ಎಂದಳು ಅಕ್ಕ. ಆಮೇಲೆ ನಗತೊಡಗಿದಳು. ದನಿಯಿಲ್ಲದ ನಗು, ಭುಜಗಳು ಮಾತ್ರ ಕುಣಿಯುತ್ತಿದ್ದವು. ಮಾವ ಡಬ್ಬಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, "ಎಲಿ ತಾಜಾ ಅದ, ಗುಳಿಗಿ ಬಾಡ್ಯಾದ" ಎಂದರು.

ವೈದ್ಯೆ ಆ ಗುಳಿಗೆಗಳನ್ನು ಕಾಗದದ ಮೇಲೆ ಸುರಿದುಕೊಂಡು ಬಹಳ ಹೊತ್ತು ನೋಡಿದರು. ಈ ಔಷಧಕ್ಕೆ ಬಿಸಿಲೂ ಆಗುವುದಿಲ್ಲ, ತೇವವೂ ಆಗುವುದಿಲ್ಲ, ಸತ್ವ ಕುಂದುತ್ತದೆ ಎಂದರು. ಡೋಸ್ ಏರಿಸಲಿಲ್ಲ. ಅದೇ ಡೋಸಿನ ಹೊಸ ಡಬ್ಬಿ, ಮುಚ್ಚಳ ಬಿಗಿ, ನಡುಮನೆಯಲ್ಲಿ ಬಿಸಿಲು ಬೀಳದ ಗೋಡೆಯ ಕಡೆಗಿನ ಟ್ರಂಕಿನೊಳಗೆ. ಆರು ವಾರ ಕಳೆದ ಮೇಲೆ ಮತ್ತೆ ಟಿಎಸ್‌ಎಚ್. "ಅದಕ್ಕೂ ಮೊದ್ಲು ನೋಡಿದ್ರ ಏನೂ ತಿಳಿಯಂಗಿಲ್ಲ. ಅದು ಸಾವಕಾಶ ಇಳೀತದ. ತಡ್ಕೋರಿ ಸರ್" ಎಂದು ಅಕ್ಕನಿಗಲ್ಲ, ನನಗೆ ಹೇಳಿದರು.

ಆ ಆರು ವಾರ ಅಕ್ಕ ಹೊಸ ಮಾಸ್ತರರ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಕುಳಿತಿದ್ದಳು. ಮಾಸ್ತರು ಒಳ್ಳೆಯವರೇ, ಆದರೆ ಬೋರ್ಡಿಗೆ ಹೇಳುತ್ತಿದ್ದರೇ ಹೊರತು ಮಕ್ಕಳಿಗಲ್ಲ. ಪಕ್ಕದ ಮಗುವಿನ ಕೈ ಹಿಡಿದು ಪಾಟಿಯ ಮೇಲೆ ತಿದ್ದಿಸುತ್ತ ಅಕ್ಕ ಪಿಸುಗುಟ್ಟುತ್ತಿದ್ದಳಂತೆ. ನಾಲ್ಕನೆಯ ವಾರವೋ ಐದನೆಯದೋ, ಒಂದು ದಿನ ಪಿಸುಮಾತು ಆಡಲು ಹೋದಾಗ ದನಿ ಬಂದುಬಿಟ್ಟಿತು. ಇಡೀ ತರಗತಿ ಹಿಂದಕ್ಕೆ ತಿರುಗಿ, ಅವಳು ಹೇಳಿದ ಅಕ್ಷರವನ್ನೇ ಕೂಗಿತು. ಇದು ಅವಳು ಹೇಳಿದ್ದು. ನಾನು ಅಲ್ಲಿರಲಿಲ್ಲ.

ಪಂಚಮಿಯ ಮುಂಚೆ ಬಂದ ವರದಿಯಲ್ಲಿ ಟಿಎಸ್‌ಎಚ್ ಮಿತಿಯ ಒಳಗಿತ್ತು, ಅಂಚಿನಲ್ಲಿ. ಹಸಿ ಉಸುಕೇ ಕಾರಣ ಎಂದು ಒಬ್ಬ ಭೌತಶಾಸ್ತ್ರದವನಾಗಿ ನಾನು ಪ್ರಮಾಣ ಮಾಡಲಾರೆ. ಹಳೆಯ ಗುಳಿಗೆಯನ್ನು ಯಾರೂ ಪರೀಕ್ಷಿಸಲಿಲ್ಲ. ನನ್ನ ವಿಚಾರಣೆಗೆ ಹೆದರಿ ಅಕ್ಕ ಚಹಾವನ್ನು ಇನ್ನಷ್ಟು ತಡ ಮಾಡಿರಬಹುದು. ಒಮ್ಮೆಗೆ ಎರಡು ಸಂಗತಿ ಬದಲಾದರೆ ಯಾವುದರಿಂದ ಏನಾಯಿತು ಎಂದು ಹೇಳಬಾರದು ಎಂಬುದು ನಾನೇ ಕಲಿಸಿದ ಪಾಠ. ಆಂಟಿ-ಟಿಪಿಒ ಕೂಡ ಇಳಿದಿತ್ತು ಎಂದು ಬಹಳ ಕಾಲ ನಂಬಿದ್ದೆ; ಅಕ್ಕನನ್ನು ಕೇಳಿದರೆ, ಅದನ್ನು ಮತ್ತೆ ನೋಡಿಸಲೇ ಇಲ್ಲ ಎಂದಳು. ಕಾವಲಿನವರು ಇಂದಿಗೂ ದಾರಿ ತಪ್ಪಿಯೇ ಇರಬಹುದು. ಅವಳು ಇಂದಿಗೂ ಎದ್ದ ಕೂಡಲೇ ಗುಳಿಗೆ ನುಂಗುತ್ತಾಳೆ, ಚಹಾಕ್ಕೆ ಕಾಯುತ್ತಾಳೆ, ಬಿಸಿಲಿಗೆ ಎಲ್ಲರಂತೆ ಬೈಯುತ್ತಾಳೆ.

ಹಬ್ಬದ ರಜೆ ಮುಗಿದ ಮೇಲೆ ಮುಖ್ಯೋಪಾಧ್ಯಾಯರು ಒಂದನೇ ತರಗತಿಯನ್ನು ಅವಳಿಗೇ ಕೊಟ್ಟರು. ಆ ದಿನ ನಾನು ಮಾವನೊಂದಿಗೆ ಹೊಲಕ್ಕೆ ಹೋಗುತ್ತಿದ್ದೆ. ಕಾಲುವೆ ತುಂಬಿ ಹರಿಯುತ್ತಿತ್ತು. ಕಿರುಸೇತುವೆಯ ಮೇಲೆ ಮಾವ ಒಮ್ಮೆಲೇ ನಿಂತು, ಕೈ ಎತ್ತಿ ನನ್ನನ್ನೂ ನಿಲ್ಲಿಸಿದರು. ಶಾಲೆಯ ಕಡೆಯಿಂದ ಮೊದಲು ಒಂದೇ ದನಿ, ಹಿಂದೆಯೇ ಹಲವು ದನಿ, ಮತ್ತೆ ಒಂದೇ ದನಿ. ನೀರಾವರಿ ಕಚೇರಿಯ ಮುಂದೆ ಅಷ್ಟೊಂದು ಒದರುವ ಮನುಷ್ಯ ಅಲ್ಲಿ ಒಂದು ಮಾತೂ ಆಡದೆ ನಿಂತಿದ್ದರು.

ಈಚೆಗೆ ಇದೂ ಅನುಮಾನಕ್ಕೆ ಬಂತು. ಶಾಲೆಗೂ ಸೇತುವೆಗೂ ನಡುವೆ ಎರಡು ಹೊಲಗಳಿವೆ. ಕೆಳಗೆ ನೀರಿನ ಸದ್ದು. ಅಷ್ಟು ದೂರಕ್ಕೆ ದನಿ ಮುಟ್ಟುವುದುಂಟೇ, ಅಥವಾ ಕೇಳಬೇಕೆಂಬ ಆಸೆಯಿಂದ ನಾನೇ ಕೇಳಿಸಿಕೊಂಡೆನೇ? ಕಳೆದ ಮಳೆಗಾಲ ಕಾಲುವೆಗೆ ನೀರು ಬಿಟ್ಟಿದ್ದಾಗ, ನಿವೃತ್ತಳಾದ ಅಕ್ಕನನ್ನು ಒಂದು ಭಾನುವಾರ ಆ ಖಾಲಿ ಕೋಣೆಯಲ್ಲಿ ನಿಲ್ಲಿಸಿ, ನಾನು ಹೋಗಿ ಸೇತುವೆಯ ಮೇಲೆ ನಿಂತೆ. ಅವಳು ಅಕ್ಷರಗಳನ್ನು ಮೊದಲಿನಿಂದ ಹೇಳಿದಳು. ಒಂದೊಂದೂ ಕೇಳಿಸಿತು.